ಆಣೆ ಮಾಡಿದ ಕೈ

ಆಣೆ, ಪ್ರಮಾಣ ಇವನ್ನೆಲ್ಲ ನಾನು ನಂಬಿದವನಲ್ಲ. ನಂಬಿದ್ದರೆ ಅಷ್ಟು ಸಲೀಸಾಗಿ ಆಣೆ ಮಾಡುತ್ತಲೂ ಇರಲಿಲ್ಲ. ಈಗ ನಂಬಿಕೆ ಬಂದಿದೆಯೇ ಎಂದು ಕೇಳಿದರೆ ಅದಕ್ಕೂ ನನ್ನಲ್ಲಿ ನೆಟ್ಟಗಿನ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನೀವು ನಕ್ಕರೂ ಬೇಸರವಿಲ್ಲ.

ಆಗ ನಾವು ಲಾಸ್ ಏಂಜಲೀಸಿನ ಉತ್ತರಕ್ಕೆ ಸ್ಯಾಂಟಾ ಕ್ಲಾರಿಟಾದಲ್ಲಿದ್ದೆವು. ನನಗೆ ಕುದುರೆ ರೇಸಿನ ಹುಚ್ಚು. ಮನೆ ಕೊಳ್ಳಲೆಂದು ಕೂಡಿಟ್ಟದ್ದನ್ನೆಲ್ಲ ಕುದುರೆ ಬಾಲಕ್ಕೆ ಕಟ್ಟಿದ್ದೇನೆಂದು ಹೆಂಡತಿ ಸುಧಾಗೆ ಗೊತ್ತಾದ ದಿನ ಅವಳು ಕೂಗಾಡಲಿಲ್ಲ. ಆಡುತ್ತಿದ್ದ ಮಗಳು ಅನನ್ಯಾಳನ್ನು ಎತ್ತಿ ತಂದು ನನ್ನೆದುರು ನಿಲ್ಲಿಸಿದಳು.

"ಇವಳ ತಲೆ ಮೇಲೆ ಕೈಯಿಟ್ಟು ಹೇಳಿ, ಇನ್ಮೇಲೆ ಬಾಜಿ ಕಟ್ಟಲ್ಲ ಅಂತ."

ಕೈಯಿಟ್ಟೆ, ಹೇಳಿದೆ. ನಾಲ್ಕು ವರ್ಷದ ಮಗು ಅದೇನೋ ಆಟವೆಂದುಕೊಂಡು ಕಿಲಕಿಲ ನಕ್ಕಿತು.

ರೇಸಿನ ಹಳೆಯ ಗೆಳೆಯರ ಸಹವಾಸವೇ ಬೇಡವೆಂದು ಸ್ಯಾನ್ ಡಿಯಾಗೋದಲ್ಲಿ ಕೆಲಸ ಹಿಡಿದೆ. ಟೊರ್ರಿ ಪೈನ್ಸ್ ಹತ್ತಿರದ ಸಣ್ಣ ಕಂಪನಿ, ಬೇರೆಯವರಿಗೆ ಮೊಬೈಲ್ ಆ್ಯಪ್ ಮಾಡಿಕೊಡುತ್ತಿತ್ತು. ಎರಡು ವರ್ಷ ಚೆನ್ನಾಗಿಯೇ ಕಳೆಯಿತು. ಆಮೇಲೆ ನನ್ನ ಪಾಲಿಗೆ ಬಂದದ್ದು ಕುದುರೆ ಬಾಜಿಯ ಆ್ಯಪ್! ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದಂತಾಯಿತು. ಸುಧಾಗೆ ಬ್ಯಾಂಕಿನ ಆ್ಯಪ್ ಎಂದು ಹೇಳಿದೆ.

ಕೆಲವು ಗ್ರಾಹಕರು ಬಾಜಿ ಕಟ್ಟುವ ಬಟನ್ ಒತ್ತಿದ ಕೂಡಲೇ ಅದು ಕ್ರ್ಯಾಶ್ ಆಗುತ್ತಿತ್ತು. ಶನಿವಾರದ ರೇಸಿನೊಳಗೆ ಸರಿಮಾಡಬೇಕಿತ್ತು. ಗುರುವಾರ ಬೆಳಗಿನಿಂದ ಸುಳ್ಳು ದುಡ್ಡಿನ ಟೆಸ್ಟ್ ಅಕೌಂಟಿನಲ್ಲಿ ಎಷ್ಟು ಸಲ ಒತ್ತಿದರೂ ಏನೂ ಆಗಲಿಲ್ಲ. ನಿಜವಾದ ಅಕೌಂಟೇ ಬೇಕೆನಿಸಿತು. ಆ ಬಾಜಿ ಕಂಪನಿಯಲ್ಲಿ ನನ್ನದೇ ಒಂದು ಹಳೆಯ ಅಕೌಂಟ್ ಇತ್ತು. ಮುಚ್ಚಿದ್ದೇನೆ ಎಂದು ಸುಧಾಗೆ ಹೇಳಿದ್ದೆ, ಮುಚ್ಚಿರಲಿಲ್ಲ.

ಇದು ಕೆಲಸ, ಬಾಜಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಎರಡು ಡಾಲರಿಗೆ ಕುದುರೆ ಆರಿಸುವಾಗಲೇ ಎದೆ ಹಿಂದಿನಂತೆ ಹೊಡೆದುಕೊಳ್ಳತೊಡಗಿತು. ಒತ್ತಿದೆ, ಕ್ರ್ಯಾಶ್ ಆಯಿತು. ಕಾಲು ಗಂಟೆ ಹಿಡಿದು ಇನ್ನೊಂದು ಫೋನಿಗೆ ಆ್ಯಪ್ ಹಾಕಿ ಒತ್ತಿದೆ, ಅಲ್ಲೂ ಹಾಗೇ ಆಯಿತು. ಮೂರನೆಯ ಫೋನ್ ತೆಗೆದುಕೊಳ್ಳುವಷ್ಟರಲ್ಲಿ ಕೆಲಸ ಮರೆತೇಹೋಗಿತ್ತು. ಆ ಕುದುರೆ ಗೆದ್ದೇ ಗೆಲ್ಲುತ್ತದೆ ಅನಿಸಿ ಐವತ್ತು ಡಾಲರ್ ಹಾಕಿ ಒತ್ತಿದೆ. ಮತ್ತೆ ಕ್ರ್ಯಾಶ್.

ಪಕ್ಕದ ಮೇಜಿನ ಬಸವರಾಜ್, ಹುಬ್ಬಳ್ಳಿಯವನು, ಅದೇ ಫೋನಿನಲ್ಲಿ ತನ್ನ ಅಕೌಂಟಿನಿಂದ ಎರಡು ಡಾಲರ್ ಕಟ್ಟಿದ. ಸಲೀಸಾಗಿ ಹೋಯಿತು.

"ಫೋನಿಂದೇನೂ ತಪ್ಪಿಲ್ಲ ಬಿಡ್ರಿ. ನಿಮ್ಮ ಕೈಗುಣಾನ ಹಂಗೈತಿ!"

ಇಬ್ಬರೂ ನಗುತ್ತಿದ್ದಾಗ ಅನನ್ಯಾಳ ಶಾಲೆಯಿಂದ ಕರೆ ಬಂತು. ಮಗುವಿಗೆ ವಿಪರೀತ ತಲೆನೋವು, ಬಂದು ಕರೆದುಕೊಂಡು ಹೋಗಿ ಎಂದರು. ಸುಧಾ ಅವತ್ತು ಆಫೀಸಿನ ಕೆಲಸದ ಮೇಲೆ ಲಾಸ್ ಏಂಜಲೀಸಿನ ಕಡೆ, ಚಾಟ್ಸ್‌ವರ್ತ್‌ಗೆ ಹೋಗಿದ್ದಳು. ನಾನೇ ಓಡಿದೆ.

ಹೋಗುವಷ್ಟರಲ್ಲಿ ನೋವು ನಿಂತಿತ್ತು. ಆದರೂ ಮುಖ ಅತ್ತು ಅತ್ತು ಊದಿಕೊಂಡಿತ್ತು.

"ಎಲ್ಲಿ ನೋಯ್ತಿತ್ತು ಪುಟ್ಟಿ?"

"ರೈಟ್ ಹಿಯರ್, ಅಪ್ಪಾ" ಎಂದು ನೆತ್ತಿಯ ಮೇಲೆ ಕೈಯಿಟ್ಟು ತೋರಿಸಿದಳು.

ನರ್ಸ್ ಒಂದು ಚೀಟಿ ಕೊಟ್ಟರು. ಅನನ್ಯಾ ಮೂರು ಸಲ ಅಳುತ್ತ ಅವರ ಕೋಣೆಗೆ ಬಂದಿದ್ದಳಂತೆ. ಬಂದ ಹೊತ್ತನ್ನು ಅದರಲ್ಲಿ ಬರೆದಿದ್ದರು: 1:12, 1:27, 1:41. ಕಾರಿನಲ್ಲಿ ಕೂತು ಫೋನ್ ತೆಗೆದೆ. ಆ್ಯಪ್ ಕ್ರ್ಯಾಶ್ ಆದಾಗಲೆಲ್ಲ ಅದರ ವೇಳೆ ನನಗೆ ಇಮೇಲಿನಲ್ಲಿ ಬರುತ್ತಿತ್ತು. 1:10, 1:25, 1:39. ಅವಳ ಕ್ಲಾಸಿನಿಂದ ನರ್ಸ್ ಕೋಣೆಗೆ ಎರಡು ನಿಮಿಷದ ದಾರಿ.

ಕಾಕತಾಳೀಯ ಅನ್ನಿ. ನಾನೂ ಹಾಗೇ ಅಂದುಕೊಂಡೆ. ಆದರೆ ಕಾರು ಸ್ಟಾರ್ಟ್ ಮಾಡದೆ ಚೀಟಿಯನ್ನೂ ಫೋನನ್ನೂ ಪಕ್ಕಪಕ್ಕ ಹಿಡಿದು ಮತ್ತೊಮ್ಮೆ ಹೋಲಿಸಿದೆ. ಬರೀ ಒತ್ತಿದ್ದಕ್ಕೇ ಹೀಗಾದರೆ, ಮೂರರಲ್ಲಿ ಒಂದು ಬಾಜಿ ನಿಜಕ್ಕೂ ಹೋಗಿಬಿಟ್ಟಿದ್ದರೆ? ಹಿಂದಿನ ಸೀಟಿನಲ್ಲಿ ಅನನ್ಯಾ ಹಸಿವು ಎನ್ನುತ್ತಿದ್ದಳು. ಅಲ್ಲೇ ಕೂತು ಅಕೌಂಟ್ ಮುಚ್ಚಿದೆ. ಸಂಜೆ ಸುಧಾ ಬಂದಾಗ ಆ್ಯಪ್ ಮತ್ತು ಅಕೌಂಟಿನ ವಿಷಯ ಒಪ್ಪಿಕೊಂಡು ಬೈಸಿಕೊಂಡೆ. ಚೀಟಿಯ ವಿಷಯ ಇವತ್ತಿಗೂ ಹೇಳಿಲ್ಲ.

ಮರುದಿನ ಬಸವರಾಜ್ ಕಾರಣ ಹುಡುಕಿದ. ಹಳೆಯ ಫೋನುಗಳಲ್ಲಿ ಮಾತ್ರ ಆಗುತ್ತಿದ್ದ ದೋಷವಂತೆ, ಸರಿಮಾಡಿದ. ನಾನು ಒತ್ತಿದ ಮೂರೂ ಫೋನುಗಳು ಹೊಸವು. ಆ ಮೂರು ಕ್ರ್ಯಾಶ್‌ಗಳ ಕಥೆ ಏನೆಂದು ಮ್ಯಾನೇಜರ್ ಕೇಳಿದಾಗ, "ಮತ್ತೆ ಪ್ರಯತ್ನಿಸಿದೆ, ಮರುಕಳಿಸಲಿಲ್ಲ" ಎಂದು ಬರೆದು ಮುಗಿಸಿದೆ. ಅದು ಸುಳ್ಳು. ಮತ್ತೆ ಪ್ರಯತ್ನಿಸುವ ಧೈರ್ಯ ನನಗೆ ಬರಲೇ ಇಲ್ಲ.

ಅನನ್ಯಾ ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ. ಅವಳು ಪರೀಕ್ಷೆಗೆ ಹೊರಟಾಗಲೆಲ್ಲ ಸುಧಾ, "ತಲೆ ಮುಟ್ಟಿ ಒಳ್ಳೇದಾಗ್ಲಿ ಅನ್ನಿ" ಎನ್ನುತ್ತಾಳೆ. ನಾನು ಬೆನ್ನು ತಟ್ಟಿ ಕಳಿಸುತ್ತೇನೆ.