‘ಹೋಗ್ತೀನಿ’ ಒತ್ತದ ಹೊನ್ನೂರಮ್ಮ

ಬಾದನಹಟ್ಟಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮನೆ ಮುಂದಿನ ಕಟ್ಟೆಯ ಮೇಲೆ ಹೊನ್ನೂರಮ್ಮ ಕಾಲು ಮಡಚಿ ಕುಳಿತಿದ್ದಾರೆ. ತಲೆ ತುಂಬ ಸೆರಗು, ಕೈಯಲ್ಲಿ ಮೊಬೈಲು, ಪಕ್ಕದಲ್ಲಿ ಆರಿಹೋದ ಚಹಾ. ಮೊಬೈಲಿನ ಪರದೆಯ ಮೇಲೊಂದು ಹಳೆಯ ಮನೆ. ಅದರ ಒಳಕೋಣೆಯಿಂದ ಮುದುಕಿಯೊಬ್ಬಳ ದನಿ, "ಮಗಳ, ಹಾಲು ಕಾಸಿದೇನು?" ಎಂದು ಕೇಳುತ್ತದೆ. ಕೆಳಗೆ ಎರಡು ಉತ್ತರ ಮೂಡುತ್ತವೆ: ‘ಕಾಸಿದೆ’, ‘ಹಾಲೇ ಇಲ್ಲ’. ಹೊನ್ನೂರಮ್ಮ ಎರಡನೆಯದನ್ನು ಒತ್ತುತ್ತಾರೆ. ಪರದೆಯಲ್ಲಿದ್ದ ಹುಡುಗಿಯ ಮುಖ ಮಾಯವಾಗಿ ಬರೀ ಕೂದಲು ಉಳಿಯುತ್ತದೆ. ಪತ್ರಿಕೆಗೆ ಬರೆಯಲೆಂದು ಬಂದು ಇಣುಕಿ ನೋಡುತ್ತಿದ್ದ ನಾನು ಹಿಂದೆ ಸರಿಯುತ್ತೇನೆ. ಅವರು ಮಾತ್ರ ಹುಬ್ಬು ಗಂಟಿಕ್ಕಿ, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ವಾಯ್ಸ್ ಮೆಸೇಜ್ ಕಳಿಸುತ್ತಾರೆ.

"ಸಮ್ರಾಟಪ್ಪ, ಆಟದಾಗ ಎರಡನೇ ದಿನ ಹಾಲಿಲ್ಲ ಅಂದ್ರ ಹುಡುಗಿ ಮುಖ ಹೋಗಿಬಿಡ್ತೈತಿ, ಕೂದಲಷ್ಟ ಉಳೀತಾವ. ಇದು ಬೇಕಂತ ಮಾಡಿದ್ದೋ, ತಪ್ಪೋ?"

ಈ ಪ್ರಶ್ನೆ ಕೇಳುವುದೇ ಅವರ ಉದ್ಯೋಗ. ಬಳ್ಳಾರಿಯ ಸಮ್ರಾಟ್ ಮತ್ತು ಅನುಷಾ ಎಂಬಿಬ್ಬರು ಸೇರಿ ಕಟ್ಟುತ್ತಿರುವ ‘ನಡುಮನಿ’ ಎಂಬ ಮೊಬೈಲ್ ಆಟದ ತಪ್ಪು ಹುಡುಕುವವರು ಇವರು. ಇದನ್ನು ವಿಶುವಲ್ ನಾವೆಲ್ ಅನ್ನುತ್ತಾರೆ. ಇದರಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಚಿತ್ರ ನೋಡುತ್ತ, ಕತೆ ಓದುತ್ತ, ಅಲ್ಲಲ್ಲಿ ಎದುರಾಗುವ ಮಾತುಗಳಲ್ಲಿ ಒಂದನ್ನು ಆರಿಸುತ್ತ ಹೋಗಬೇಕು. ಆರಿಸಿದ ಮಾತಿನ ಮೇಲೆ ಕತೆ ದಾರಿ ಬದಲಿಸುತ್ತದೆ. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ಮಗಳೊಬ್ಬಳು ಊರಿಗೆ ಬರುತ್ತಾಳೆ. ಒಳಕೋಣೆಯಿಂದ ಮಾತಾಡುತ್ತಿರುವುದು ತಾಯಿಯೋ, ತಾಯಿಯಂತೆ ಮಾತಾಡುವ ಮತ್ತೇನೋ ಎಂಬ ಅನುಮಾನ ಅವಳಿಗೆ ಮೆಲ್ಲಗೆ ಹತ್ತಿಕೊಳ್ಳುತ್ತದೆ. ಆಟಕ್ಕೆ ಹನ್ನೊಂದು ಅಂತ್ಯಗಳಿವೆ. ಒಂದರಲ್ಲಿ ಮಗಳಿಗೆ ಹುಚ್ಚು ಹಿಡಿಯುತ್ತದೆ, ಇನ್ನೊಂದರಲ್ಲಿ ಮಗಳೇ ಒಳಕೋಣೆಯ ದನಿಯಾಗಿಬಿಡುತ್ತಾಳೆ. ಆಡುವವರಿಗೆ ಒಂದೆರಡು ಅಂತ್ಯ ಕಂಡರೆ ಸಾಕು. ಹೊನ್ನೂರಮ್ಮ ಹನ್ನೊಂದನ್ನೂ ಮುಟ್ಟಬೇಕು, ಅದೂ ಆಟ ಬದಲಾದಾಗಲೆಲ್ಲ ಮತ್ತೆ ಮೊದಲಿನಿಂದ.

ಬೆಳಗಿನ ಜಾವವೇ ಯಾಕೆ ಎಂದರೆ ನಗುತ್ತಾರೆ. "ರಾತ್ರಿ ಆಡಾಕ ಅಂಜಿಕಿರಿ. ನಾನೇನು ಗಟ್ಟಿ ಗುಂಡಿಗಿ ಹೆಣ್ಣುಮಗಳಲ್ಲ. ಕೋಳಿ ಕೂಗಿದ ಮ್ಯಾಲ ದೆವ್ವಗೂ ಡ್ಯೂಟಿ ಮುಗದಿರ್ತೈತಿ ನೋಡ್ರಿ." ಅಂಗಳಕ್ಕೆ ನೀರು ಹಾಕುತ್ತಿರುವ ಎದುರುಮನೆಯ ಮಾರೆಮ್ಮನಿಗೆ ಈ ವಾದ ಒಪ್ಪಿಗೆಯಿಲ್ಲ. "ಮುಂಜಾನೆದ್ದು ದೇವರ ಹಾಡು ಹಚ್ಚೋದು ಬಿಟ್ಟು ಇಲ್ಲದ ದೆವ್ವ ಎಬ್ಬಸ್ತಾಳ ಈಕಿ" ಎಂದು ನನಗೆ ದೂರು ಕೊಡುತ್ತಾರೆ.

ಇವತ್ತು ಹೊನ್ನೂರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಚಹಾ ಬಿಸಿ ಮಾಡಲು ಏಳುತ್ತಾರೆ, ಮಾಡದೆ ಮರಳುತ್ತಾರೆ. ಬಾಗಿಲಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡುತ್ತಾರೆ. ಇಷ್ಟು ತಿಂಗಳಿಂದ ಈ ಆಟದ ಎಲ್ಲ ಬಾಗಿಲು ತಟ್ಟಿದ ಇವರು ಒಂದೇ ಒಂದು ಉತ್ತರವನ್ನು ಒಮ್ಮೆಯೂ ಒತ್ತಿಲ್ಲ. ಇವತ್ತು ಬಳ್ಳಾರಿಗೆ ಹೋಗಿ ಅದನ್ನು ಒತ್ತಬೇಕಿದೆ. ಒತ್ತದಿದ್ದರೆ ಆಟದ ಹನ್ನೊಂದನೆಯ ಅಂತ್ಯವನ್ನೇ ಕಿತ್ತುಹಾಕುವುದಾಗಿ ಸಮ್ರಾಟ್ ಹೇಳಿದ್ದಾರೆ. ನೋಡದ್ದನ್ನು ಜನರ ಕೈಗೆ ಕೊಡಲಾಗದು ಎಂಬುದು ಅವರ ಮಾತು, ಅದೂ ಸರಿಯೇ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊನ್ನೂರಮ್ಮ ತಮ್ಮ ಕತೆ ಬಿಚ್ಚುತ್ತಾರೆ. ಗಂಡನ ಮನೆ ಒಗ್ಗದೆ ತವರಿಗೆ ಮರಳಿದವರು. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಇವರು ಮತ್ತು ತಮ್ಮ ಕರಿಬಸವ. ಇಬ್ಬರೂ ಇದೇ ಬಸ್ಸಿಗೆ ಬಳ್ಳಾರಿಗೆ ಬರುತ್ತಿದ್ದರು. ಅಕ್ಕ ಕೌಲ್ ಬಜಾರಿನ ಜೀನ್ಸ್ ಹೊಲಿಗೆ ಘಟಕದಲ್ಲಿ ಚೆಕಿಂಗ್, ತಮ್ಮ ಬಟ್ಟೆ ತೊಳೆಯುವ ವಾಷಿಂಗ್ ಯೂನಿಟ್ಟಿನಲ್ಲಿ. ಚೆಕಿಂಗ್ ಎಂದರೆ ಹೊಲಿದು ಬಂದ ಪ್ಯಾಂಟನ್ನು ಒಳಮೈ ತಿರುವಿ, ಬಿಟ್ಟುಹೋದ ಹೊಲಿಗೆ ಹುಡುಕಿ, ದಾರ ಕತ್ತರಿಸುವುದು. "ಹೊರಮೈ ಎಲ್ಲಾವೂ ಚಂದನ ಇರ್ತಾವರಿ. ತಿರುವಿದಾಗ ಗೊತ್ತಾಕ್ಕೈತಿ" ಎನ್ನುತ್ತಾರೆ.

ಆ ಘಟಕದ ಮಾಳಿಗೆಯ ಮೇಲೆಯೇ ಸಮ್ರಾಟ್ ಮತ್ತು ಅನುಷಾರ ಎರಡು ಕೋಣೆಯ ಆಫೀಸು. ಚಿತ್ರ ಮತ್ತು ಕತೆ ಅನುಷಾರದು, ಕಂಪ್ಯೂಟರ್ ಕೆಲಸ ಸಮ್ರಾಟ್‌ದು. ಒಂದು ಮಧ್ಯಾಹ್ನ ಮೊಬೈಲ್ ಚಾರ್ಜಿಗೆ ಹಾಕಲು ಮೇಲೆ ಬಂದ ಹೊನ್ನೂರಮ್ಮನ ಕೈಗೆ ಸಮ್ರಾಟ್ ತಮಾಷೆಗೆ ಆಟ ಕೊಟ್ಟರು. ಅವರು ಆಟವನ್ನೂ ಪ್ಯಾಂಟಿನಂತೆ ತಿರುವಿ ನೋಡಿದರು. ಊಟಕ್ಕೆ ಕರೆದರೆ ಒಲ್ಲೆ, ಮಲಗು ಎಂದರೆ ಮಲಗುವುದಿಲ್ಲ, ಅಳಬೇಕಾದಲ್ಲಿ ನಗು. "ನಮ್ಮ ಗೆಳೆಯರಿಗೆಲ್ಲ ಕೊಟ್ಟಿದ್ವಿ. ಎಲ್ಲಾರೂ ಒಳ್ಳೇ ಮಕ್ಕಳ ಹಂಗ ಆಡಿದ್ರು" ಎಂದು ಸಮ್ರಾಟ್ ನೆನೆಯುತ್ತಾರೆ. "ಈ ಅಕ್ಕ ಒಬ್ಬಾಕಿ ನಮ್ಮ ಹುಡುಗೀನ ಗೋಡಿಯೊಳಗ ಸಿಗಿಸಿಬಿಟ್ಲು. ಅವತ್ತ ಗೊತ್ತಾತು, ಇವರು ನಮಗ ಬೇಕಂತ."

ಹೆದರಿಸುವ ಆಟದಲ್ಲಿ ಗೋಡೆಗೆ ಸಿಕ್ಕಿಕೊಂಡ ಹುಡುಗಿಯೂ ಒಂದು ಹೆದರಿಕೆಯೇ. ಕತೆಗಾರ್ತಿಯ ಕೈಚಳಕ ಯಾವುದು, ಕಂಪ್ಯೂಟರಿನ ಎಡವಟ್ಟು ಯಾವುದು ಎಂದು ಬೇರ್ಪಡಿಸುವುದು ದೊಡ್ಡ ಪೀಕಲಾಟ. ಅದಕ್ಕೇ ಆ ಪ್ರಶ್ನೆ ಹೊನ್ನೂರಮ್ಮನ ನಾಲಿಗೆಯ ಮೇಲೆ ಕೂತಿದೆ. ಆದರೆ ಈ ಕೆಲಸ ಒಪ್ಪಿಕೊಳ್ಳಲು ಅವರಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ, ಕಿಟಕಿಯ ಆಚೆ ನೋಡುತ್ತಾರೆ.

"ನಮ್ಮ ಕರಿಬಸವಗ ಮೊಬೈಲ್ ಗೇಮಿನ ಹುಚ್ಚು. ಉಣ್ಣುವಾಗೂ ಅದ, ಮಕ್ಕೊಂಡಾಗೂ ಅದ. ಕೆಲಸ ತಪ್ಪಿಸಾಕ ಹತ್ತಿದ. ಒಂದಿನ ಮುಂಜಾನಿ ನಂಗ ಸಿಟ್ಟು ನೆತ್ತಿಗೇರ್ತು. ಫೋನ್ ಕಸಗೊಂಡು ನೀರಿನ ಬಾನಿಗೆ ಹಾಕಿದೆ. ಅವ ಏನೂ ಅನ್ನಲಿಲ್ಲರಿ. ಅಂಗಿ ಹಾಕ್ಕೊಂಡು ಬಾಗಿಲಿಗೆ ಹೋಗಿ ನಿಂತ. ‘ಹೋಗ್ತೀನಿ’ ಅಂದ."

ನಮ್ಮ ಕಡೆ ಹೊಸ್ತಿಲಲ್ಲಿ ನಿಂತು ಯಾರೂ ಆ ಮಾತು ಆಡುವುದಿಲ್ಲ. ‘ಬರ್ತೀನಿ’ ಎಂದೇ ಹೊರಡಬೇಕು. ಬಾಯಿ ತಪ್ಪಿ ‘ಹೋಗ್ತೀನಿ’ ಎಂದರೆ ಒಳಗಿದ್ದವರು ಕೈಯ ಕೆಲಸ ಬಿಟ್ಟಾದರೂ, ‘ಹೋಗ್ತೀನಿ ಅನಬ್ಯಾಡ, ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಎಷ್ಟೇ ಜಗಳವಾಗಿರಲಿ, ಅಷ್ಟು ಮಾತ್ರ ತಪ್ಪುವುದಿಲ್ಲ. ಅವತ್ತು ತಪ್ಪಿತು. "ನಾ ತಿದ್ದಲಿಲ್ಲರಿ. ರೊಟ್ಟಿ ಬಡಕೊಂತ ಸುಮ್ನ ಕುಂತೆ" ಎನ್ನುತ್ತಾರೆ ಹೊನ್ನೂರಮ್ಮ.

ಕರಿಬಸವ ಆಮೇಲೆ ಬಂದಿಲ್ಲ. ಫೋನು ಬಾನಿಯಲ್ಲಿ ಕೆಟ್ಟಿತ್ತು, ಹೊಸ ನಂಬರು ಯಾರಿಗೂ ಗೊತ್ತಿಲ್ಲ. ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಎಂದು ಒಬ್ಬರು ಹೇಳಿದರು. ದೇಶನೂರಿನ ಗದ್ದೆಯಲ್ಲಿ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಿದ್ದ ಎಂದು ಇನ್ನೊಬ್ಬರು. ಗಡಿ ದಾಟಿ ಆದೋನಿಯಲ್ಲಿ ಮದುವೆಯಾಗಿ ತೆಲುಗಿನಲ್ಲೇ ಮಾತಾಡುತ್ತಾನೆ ಎಂದು ಮತ್ತೊಬ್ಬರು. ಹೊನ್ನೂರಮ್ಮ ಮೂರೂ ಕಡೆ ಹೋಗಿಬಂದಿದ್ದಾರೆ. "ಇದರಾಗ ಹನ್ನೊಂದು ಎಂಡಿಂಗ್ ಐತಿ, ಎಲ್ಲಾ ನೋಡಬೋದು. ಅವಂದು ಯಾವ ಎಂಡಿಂಗೋ ಒಂದೂ ಸಿಗವಲ್ದು. ಬೇಕಂತ ಅಂದ್ನೋ, ಬಾಯಿ ತಪ್ಪಿ ಅಂದ್ನೋ ಅದೂ ತಿಳೀವಲ್ದು. ಹಗಲೆಲ್ಲ ಆ ಫೋನಿನಾಗ ಏನು ನೋಡ್ತಿದ್ದ ಅಂತನಾರ ತಿಳೀಲಿ ಅಂತ ಈ ಕೆಲಸಕ್ಕ ಹೂಂ ಅಂದೆ." ಇಷ್ಟು ಹೇಳಿ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಬಸ್ಸು ಬಳ್ಳಾರಿ ಸೇರುತ್ತದೆ.

ಈಗ ಆ ಒತ್ತದ ಗುಂಡಿಯ ವಿಷಯ. ಆಟದ ಕೊನೆಯಲ್ಲಿ ಮಗಳು ಹೊಸ್ತಿಲಿಗೆ ಬರುತ್ತಾಳೆ. ಬಾಗಿಲು ತೆರೆಯದು. ಎರಡು ಮಾತು ಮೂಡುತ್ತವೆ: ‘ಬರ್ತೀನಿ’, ‘ಹೋಗ್ತೀನಿ’. ಮೊದಲನೆಯದರ ಹಿಂದೆ ಹತ್ತು ಅಂತ್ಯಗಳಿವೆ, ಎಲ್ಲವೂ ಭಯಂಕರ. ಎರಡನೆಯದರ ಹಿಂದೆ ಅನುಷಾ ಬಚ್ಚಿಟ್ಟ ಹನ್ನೊಂದನೆಯದಿದೆ. ಹೊನ್ನೂರಮ್ಮ ಹತ್ತನ್ನು ನೋಡಿ, ಎಲ್ಲ ನೋಡಿದೆ ಎಂದು ಮೆಸೇಜ್ ಕಳಿಸಿದ್ದರು. ಹೋದ ತಿಂಗಳು ಮಾದರಿಗೆಂದು ಆಟವನ್ನು ಕೆಲವರಿಗೆ ಕೊಟ್ಟಾಗ ಸಿರುಗುಪ್ಪದ ಕಾಲೇಜು ಹುಡುಗಿಯೊಬ್ಬಳು ಫೋನ್ ಮಾಡಿದಳು. ‘ಹೋಗ್ತೀನಿ’ ಒತ್ತಿದರೆ ಪರದೆ ಕಪ್ಪಾಗಿ ಹಾಗೇ ನಿಂತುಬಿಡುತ್ತದೆ, ಎಂಥ ಹೆದರಿಕೆ ಅಂತೀರಿ, ಭಾರಿ ಮಾಡಿದ್ದೀರಿ ಎಂದು ಹೊಗಳಿದಳು. ಹೊಗಳಿಕೆ ಕೇಳಿ ಸಮ್ರಾಟ್ ತಲೆ ಮೇಲೆ ಕೈ ಹೊತ್ತು ಕೂತರು. ಅದು ಬೇಕೆಂದು ಮಾಡಿದ್ದಲ್ಲ.

"ಅಕ್ಕ, ಇದನ್ನ ಯಾಕ ನೋಡಿಲ್ಲ ಅಂತ ಕೇಳಿದೆ. ‘ಅದನ್ನ ಯಾರು ಒತ್ತತಾರ?’ ಅಂದ್ರು" ಎಂದು ಸಮ್ರಾಟ್ ಹೇಳುತ್ತಾರೆ. "ನಗಾಕ ಹತ್ತಿದೆ. ಆಮೇಲೆ ಅನುಷಾನ್ನ ಕೇಳಿದೆ, ನೀ ಒತ್ತಿ ನೋಡೀಯೇನು ಅಂತ. ಆಕಿನೂ ಇಲ್ಲ. ನಾನೂ ಇಲ್ಲ. ಆಟ ಮಾಡಿದವರು ನಾವ, ನಮಗೇ ಕೈ ಬಂದಿಲ್ಲ." ಕಪ್ಪಾಗಲು ಕಾರಣ ಸಣ್ಣದು. ಹನ್ನೊಂದನೆಯ ಅಂತ್ಯದಲ್ಲಿ ಒಳಗಿನಿಂದ ಒಂದು ಮಾತು ಕೇಳಿಬರಬೇಕು. ಒಳಕೋಣೆಯ ದನಿಗಾಗಿ ಸಿರಿಗೇರಿಯ ನಾಟಕದ ಕಲಾವಿದೆ ವಿರೂಪಮ್ಮನವರಿಂದ ಎಲ್ಲ ಮಾತು ಹೇಳಿಸಿದ್ದರು. ಈ ಒಂದು ಮಾತನ್ನು ಅನುಷಾ ಆಮೇಲೆ ಬರೆದದ್ದು. ಅದನ್ನು ಹೇಳಿಸುವುದು ಮರೆತೇ ಹೋಗಿತ್ತು. ಒಳಗಿನ ದನಿಗಾಗಿ ಆಟ ಕಾಯುತ್ತಲೇ ನಿಂತಿತ್ತು.

ವಿರೂಪಮ್ಮನವರಿಗೆ ಈಗ ಗಂಟಲು ಕಟ್ಟಿದೆ, ಮಾತಾಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾದರೆ ಹೊನ್ನೂರಮ್ಮಕ್ಕನೇ ಹೇಳಲಿ ಎಂದದ್ದು ಅನುಷಾ. ದನಿ ಬೇರೆಯಾಗುವುದಿಲ್ಲವೇ ಎಂದು ನಾನು ಕೇಳುತ್ತೇನೆ. "ಬ್ಯಾರೆ ಆಗಬೇಕ್ರಿ. ಅಲ್ಲೀತನಕ ಹಾಲು ಕಾಸು, ದೀಪ ಹಚ್ಚು ಅಂತ ಮಾತಾಡಿದ್ದು ತಾಯಿ ಅಲ್ಲ. ಖರೇ ತಾಯಿ ಯಾವಾಗೋ ಸತ್ತು ಒಳಗ ಸುಮ್ನ ಇದ್ಲು. ಮಗಳು ‘ಹೋಗ್ತೀನಿ’ ಅಂದಾಗ ಮಾತ್ರ ಆಕಿಗೆ ಸುಮ್ನ ಇರಾಕ ಆಗಂಗಿಲ್ಲ. ಅದ ಗುಟ್ಟು" ಎನ್ನುತ್ತಾರೆ ಅನುಷಾ. ಗುಟ್ಟನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದರೆ, "ಬರೀರಿ. ಗೊತ್ತಿದ್ರೂ ನಮ್ಮ ಮಂದಿ ಒತ್ತಂಗಿಲ್ಲ" ಎಂದು ನಗುತ್ತಾರೆ.

ಕೆಳಗಿನ ಹೊಲಿಗೆ ಮಷಿನ್‌ಗಳ ಸದ್ದು ನಿಲ್ಲುವುದು ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ. ಆಗಲೇ ದನಿ ಹಿಡಿಯಬೇಕು. ಆಫೀಸಿನ ಒಳಕೋಣೆಯ ಗೋಡೆಗಳಿಗೆ ಸದ್ದು ತಡೆಯಲು ಕೌದಿ ತೂಗುಹಾಕಿದ್ದಾರೆ. ಹೊನ್ನೂರಮ್ಮ ಒಳಗೆ ಹೋಗುತ್ತಾರೆ, ನೀರು ಬೇಕೆಂದು ಹೊರಬರುತ್ತಾರೆ, ಮತ್ತೆ ಹೋಗುತ್ತಾರೆ. ಒಮ್ಮೆ ದನಿಯೇ ಹೊರಡುವುದಿಲ್ಲ. ಇನ್ನೊಮ್ಮೆ ಚೀಟಿ ಓದಿದಂತೆ ಕೇಳುತ್ತದೆ. ಮೊದಲು ಒತ್ತಿ ಆ ಕಪ್ಪು ಪರದೆ ನೋಡಿಬಿಡಿ, ಆಗ ಮಾತು ಬರಬಹುದು ಎಂದು ಸಮ್ರಾಟ್ ಸಲಹೆ ಕೊಡುತ್ತಾರೆ.

"ಇಲ್ಲಪ್ಪ. ಒಳಗ ಯಾರೂ ಮಾತಾಡಂಗಿಲ್ಲ ಅಂದ್ರ ನಾ ಒತ್ತಂಗಿಲ್ಲ. ಮೊದಲು ದನಿ ಹಾಕು, ಆಮೇಲೆ ಒತ್ತತೀನಿ" ಎಂದು ಹೊನ್ನೂರಮ್ಮ ಖಡಾಖಂಡಿತವಾಗಿ ಹೇಳುತ್ತಾರೆ. ಆಮೇಲೆ ಅನುಷಾರ ಕಡೆ ತಿರುಗುತ್ತಾರೆ. "ಎಂಥಾದ್ದು ಬರದೀಯವ್ವ ನೀನು. ಸತ್ತಾಕಿನೂ ಸುಮ್ನ ಇರಂಗಿಲ್ಲ ಅಂತ ಬರದಿ. ನಾ ಬದುಕಿದ್ದೂ ಸುಮ್ನ ಇದ್ದೆ." ಊಟದ ಹೊತ್ತು ಮುಗಿಯುತ್ತ ಬಂದಿದೆ, ಕೆಳಗೆ ಯಾರೋ ಮಷಿನ್ ಒಂದನ್ನು ಚಾಲೂ ಮಾಡಿ ನಿಲ್ಲಿಸುತ್ತಾರೆ.

ಹೊನ್ನೂರಮ್ಮ ಮತ್ತೆ ಕೌದಿಗಳ ನಡುವೆ ಹೋಗಿ, ಮೈಕಿಗೆ ಬೆನ್ನು ಹಾಕಿ ನೆಲದ ಮೇಲೆ ಕೂರುತ್ತಾರೆ. ರೊಟ್ಟಿ ಬಡಿಯುವವರು ಕೂರುವ ರೀತಿ ಅದು. ಮೈಕನ್ನು ಅನುಷಾ ಸದ್ದಿಲ್ಲದೆ ಅವರ ಹತ್ತಿರ ಸರಿಸುತ್ತಾರೆ. ಅವರು ತಲೆ ಎತ್ತಿ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ ಹೊರಳಿ ನೋಡಿ ಹೇಳುತ್ತಾರೆ: "ಲೇ, ಹೋಗ್ತೀನಿ ಅನಬ್ಯಾಡ. ಬರ್ತೀನಿ ಅನ್ನು." ಸಿಟ್ಟು ಇನ್ನೂ ಆರದ ದನಿ, ಅದರೊಳಗೇ ಅಳು. ‘ಲೇ’ ಎಂಬುದು ಅನುಷಾ ಬರೆದ ಮಾತಿನಲ್ಲಿರಲಿಲ್ಲ. ಅಲ್ಲಿದ್ದದ್ದು ‘ಮಗಳ’. ಯಾರೂ ಅದನ್ನು ತಿದ್ದುವುದಿಲ್ಲ.

ಸಮ್ರಾಟ್ ದನಿಯನ್ನು ಆಟಕ್ಕೆ ಸೇರಿಸಿ ಮೊಬೈಲು ಕೊಡುತ್ತಾರೆ. ಹೊಸ್ತಿಲು ಬರುತ್ತದೆ, ಎರಡು ಮಾತು ಬರುತ್ತವೆ. ಹೊನ್ನೂರಮ್ಮನ ಹೆಬ್ಬೆರಳು ರೂಢಿಯಂತೆ ‘ಬರ್ತೀನಿ’ ಕಡೆಗೇ ಹೋಗಿ ನಿಲ್ಲುತ್ತದೆ. ಆಮೇಲೆ ಕಣ್ಣು ಮುಚ್ಚಿ ಇನ್ನೊಂದನ್ನು ಒತ್ತಿಬಿಡುತ್ತಾರೆ. ಪರದೆ ಕಪ್ಪಾಗುತ್ತದೆ. ಕತ್ತಲೊಳಗಿಂದ ಅವರದೇ ದನಿ ಅವರನ್ನು ತಡೆಯುತ್ತದೆ. ಆಮೇಲೆ ಒಂದೇ ಒಂದು ಉತ್ತರ ಮೂಡುತ್ತದೆ: ‘ಬರ್ತೀನಿ’. ಅದನ್ನು ಒತ್ತಿದಾಗ ಆ ಮನೆಯ ಬಾಗಿಲು ಮೊದಲ ಸಲ ತೆರೆದು, ಹೊರಗಿನ ಬಿಸಿಲು ಒಳಗೆ ಬರುತ್ತದೆ. ಪಕ್ಕದಲ್ಲೇ ನಿಂತ ಸಮ್ರಾಟ್‌ಗೆ ಹೊನ್ನೂರಮ್ಮ ಅಭ್ಯಾಸಬಲದಿಂದ ವಾಯ್ಸ್ ಮೆಸೇಜ್ ಕಳಿಸುತ್ತಾರೆ. "ಸಮ್ರಾಟಪ್ಪ, ಹನ್ನೊಂದನೇದು ನೋಡಿದೆ. ಬಾಗಿಲು ತೆರೀತು. ತಪ್ಪಿಲ್ಲ."

ಮುಂದಿನ ವಾರ ‘ನಡುಮನಿ’ ಎಲ್ಲರ ಮೊಬೈಲಿಗೂ ಸಿಗಲಿದೆ. ಕೊನೆಯಲ್ಲಿ ದುಡಿದವರ ಹೆಸರುಗಳು ಬರುತ್ತವೆ. ಅಲ್ಲಿ ತಮ್ಮ ಹೆಸರನ್ನು ಹೊನ್ನೂರಮ್ಮ ಎಂದು ಹಾಕಬೇಡಿ, ‘ಹೊನ್ನಕ್ಕ, ಬಾದನಹಟ್ಟಿ’ ಎಂದು ಹಾಕಿ ಎಂಬುದು ಅವರ ಒಂದೇ ಕೋರಿಕೆ. ಹಾಗೆ ಕರೆಯುತ್ತಿದ್ದವನು ಒಬ್ಬನೇ. ಅವನು ಈ ಆಟ ಆಡುತ್ತಾನೆಂದು ಏನು ಗ್ಯಾರಂಟಿ, ಆಡಿದರೂ ಆ ಗುಂಡಿ ಒತ್ತಬೇಕಲ್ಲ ಎಂದು ನಾನು ಮೆಟ್ಟಿಲಿಳಿಯುತ್ತ ಕೇಳುತ್ತೇನೆ. ಹೊನ್ನೂರಮ್ಮ ಬೆಳಗಿನಿಂದ ಮೊದಲ ಸಲ ಒಂದು ಕಡೆ ನಿಲ್ಲುತ್ತಾರೆ.

"ಆಡೇ ಆಡ್ತಾನ್ರಿ. ಸರಿ ಇದ್ದದ್ದು ಒತ್ತಿ ಅವಗ ಗೊತ್ತ ಇಲ್ಲ. ಊರ ಮಂದಿಯೆಲ್ಲ ‘ಬರ್ತೀನಿ’ ಒತ್ತಿದ್ರ ಅವ ‘ಹೋಗ್ತೀನಿ’ನ ಒತ್ತಾಂವ. ಒತ್ತಲಿ. ಈ ಸಲ ನಾ ಸುಮ್ನ ಇರಂಗಿಲ್ಲ."