ಓಡಿದರೆ ಪಾಸು

ಮಕ್ಕಳು ತನ್ನನ್ನು ಕಂಡು ಓಡಿಹೋಗಲಿ ಎಂದು ಹಂಬಲಿಸುವ ಮೇಷ್ಟ್ರು ಈ ಸೀಮೆಯಲ್ಲಿ ಒಬ್ಬರೇ, ನಮ್ಮ ಫಾರೆಸ್ಟ್ ವಾಚರ್ ಪುಟ್ಟಾಚಾರಿ. ಪಾರ್ಕಿನಲ್ಲಿ ಬೆಳೆದ ಜಿಂಕೆಗಳನ್ನು ನಾಗಮಂಗಲದ ಕಡೆಯ ಕುರುಚಲು ಕಾಡಿಗೆ ಬಿಟ್ಟಾಗಿನಿಂದ ಬೆಳಗಾದರೆ ಬಂಡೆ ಹತ್ತುತ್ತಾರೆ. ಬೇಲಿಯೊಳಗೆ ಸಾಕುವಾಗ ಮೇವಿಗೆ ಕರೆಯುತ್ತಿದ್ದ ಅದೇ ಶಿಳ್ಳೆ ಹಾಕುತ್ತಾರೆ. ಓಡಿದ್ದು ಪಾಸು, ಹತ್ತಿರ ಬಂದದ್ದು ಫೇಲು. ಕಿವಿಗೆ ಸಿಕ್ಕಿಸಿದ ಬಡಗಿ ಪೆನ್ಸಿಲ್ ತೆಗೆದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಜೀಪಿನಲ್ಲಿ ಬಂದ ಸಾಹೇಬರು "ಎಷ್ಟು ಬದುಕಿವೆ?" ಎಂದರೆ ಸಿಡುಕುತ್ತಾರೆ: "ಪಾರ್ಕಲ್ಲೂ ಬದುಕಿದ್ವಲ್ಲ ಸಾ. ಮನುಸ್ರನ್ನ ಕಂಡ್ರೆ ಎದರ್ತಾವಾ ಅಂತ ಕೇಳಿ." ಯಾರಾದರೂ ಜಿಂಕೆಗೆ ಬಾಳೆಸಿಪ್ಪೆ ತಿನ್ನಿಸಿದರೆ ಬೈಗುಳ ಗ್ಯಾರಂಟಿ: "ನಿನ್ನನ್ನ ನಂಬ್ದಂಗೇ ಅದು ನಾಳೆ ನಾಯಿನ್ನೂ ನಂಬ್ತದೆ ಕಣ್ಲಾ!" ಎಲ್ಲವೂ ಪಾಸಾದವು. ಅವರೇ ಬಾಟಲಿ ಹಾಲು ಕುಡಿಸಿ ಬೆಳೆಸಿದ ಒಂದು ಹೆಣ್ಣುಜಿಂಕೆ ಮಾತ್ರ ದಿನವೂ ಬಂದು ಅಂಗೈ ಮೂಸುತ್ತಿತ್ತು. ಬೇಕೆಂದೇ ಗುರಿ ತಪ್ಪಿಸಿ ಕಲ್ಲೆಸೆದು, ಕೂಗಾಡಿ ಓಡಿಸುತ್ತಿದ್ದರು. ಕಳೆದ ವಾರ ಶಿಳ್ಳೆ ಕೇಳಿದ್ದೇ ತಡ, ಅದೂ ಪೊದೆಗೆ ನೆಗೆದು ಮಾಯವಾಯಿತು. ಆಚಾರಿ ರಿಜಿಸ್ಟರಿನಲ್ಲಿ "ಪಾಸು" ಎಂದು ದಪ್ಪಗೆ ಬರೆದರು. ಈಗಲೂ ದಿನಾ ಬಂಡೆ ಹತ್ತುತ್ತಾರೆ, ಶಿಳ್ಳೆ ಮಾತ್ರ ಹಾಕುವುದಿಲ್ಲ. ಯಾಕೆಂದು ಕೇಳಿದೆ. ಪೊದೆಯತ್ತ ನೋಡುತ್ತ, "ಬಂದ್ಬುಟ್ರೆ?" ಎಂದರು.