ಆಯೇರಿ ಬಂದ ಮೀನ

ಮೀನ ಅಂದ್ರ ನನಗ ಮೊದಲಿಂದ ಹೇಸಿಗಿ. ನಮ್ಮ ಮನ್ಯಾಗ ತತ್ತಿ ಸುದ್ದಿ ಸೈತ ಇಲ್ಲ. ಹಂತಾದ್ರಾಗ ಮಗ ಸಿಂದಗ್ಯಾಗ ಹೊಸ ಮನಿ ಕಟ್ಟಿಸಿ, ಪಡಸಾಲ್ಯಾಗ ನನ್ನ ಹೊರಸಿನ ಎದುರಿಗೇ ಎರಡು ಫೂಟಿನ ಗಾಜಿನ ಪೆಟ್ಟಿಗಿ ತಂದಿಟ್ಟ. ಮೊಮ್ಮಗಳು ಕೇಳಿದ್ಲಂತ. ಎಂಟು ವರ್ಷದ ಹುಡುಗಿ, ತಾನ ಆರಿಸಿ ಎರಡು ಬಂಗಾರ ಬಣ್ಣದ ಮೀನ ತಂದ್ಲು. ಮೀನಿನ ಅಂಗಡಿಯಂವ ಹೇಳಿ ಕಳಿಸಿದ್ದ: "ಈ ಪೆಟ್ಟಿಗಿಗೆ ಈ ಎರಡ ಸಾಕ್ರಿ. ಅಂಗೈಯಷ್ಟು ಬೆಳೀತಾವು, ಹೊಲಸೂ ಭಾಳ ಮಾಡ್ತಾವು. ಮೂರನೇದು ಬಿಡಬ್ಯಾಡ್ರಿ."

ಆ ಮಾತು ನನಗ ತಿಳೀತು. ಮೂವತ್ತು ವರ್ಷ ಎಮ್ಮಿ ಕಟ್ಟಿದಾಕಿ ನಾನು. ಎರಡು ಎಮ್ಮಿ ಜಾಗಾದಾಗ ನಾಕು ಕಟ್ಟಿದ್ರ ಸೆಗಣ್ಯಾಗ ಮಲಗ್ತಾವು, ಕೆಚ್ಚಲ ಬಾಯ್ತಾವು. ಹಾಯೂ ಎಮ್ಮಿ ಬಾಜೂಕ ಕರ ಕಟ್ಟಬಾರದು. ಇಷ್ಟ ಅದರ ವಿದ್ಯಾ. ಆದ್ರ ನಮ್ಮ ಮಂದಿಗೆ ತಿಳೀಬೇಕಲ್ಲ.

ಮಗ ಪೆಟ್ಟಿಗಿ ಫೋಟೋ ಹೊಡದು ಬೀಗರಿಗೆಲ್ಲ ಕಳಿಸಿದ. ಆತು, ವಾಸ್ತುಶಾಂತಿ ದಿನ ಉಡುಗೊರಿ ಅಂತ ಮೀನಿನ ಆಯೇರಿ ಬಂದ್ವು. ನಾಲತವಾಡದ ಬೀಗತಿ, ಅಂದ್ರ ಸೊಸಿ ತಾಯಿ, ಪ್ಲಾಸ್ಟಿಕ್ ಚೀಲದಾಗ ಎರಡು ಕರೀ ಮೀನ ಹಿಡಕೊಂಡು ಬಂದ್ಲು. "ಗಡಿಯಾರ ಎಲ್ಲಾರೂ ಕೊಡ್ತಾರ್ರಿ. ಇವು ಶಾರ್ಕ್, ಒಂದು ಫೂಟ್ ಬೆಳೀತಾವಂತ!" ಅಂತ ಹೆಮ್ಮಿ ಬ್ಯಾರೆ. ತಾಂಬಾದ ನನ್ನ ನಾದಿನಿ ಆರು ಪಟ್ಟಾಪಟ್ಟಿ ಮೀನ ತಂದಿದ್ಲು, ಜೊತಿಗೆ ಗಾಜಿಗೆ ಬಾಯಿ ಹಚ್ಚಿ ಕುಂದ್ರೂ ಒಂದು ಅಸಹ್ಯ ಪ್ರಾಣಿ. "ಇದು ಎಲ್ಲಾ ಹೊಲಸು ತಿಂದು ಪೆಟ್ಟಿಗಿ ತೊಳೀತೈತಿ ವೈನಿ, ನಿನಗ ಕೆಲಸ ಇಲ್ಲ" ಅಂದ್ಲು. ಹೊಲಸು ತಿಂದದ್ದು ಹೊಲಸು ಹಾಕೂದಿಲ್ಲೇನು? ಅದನ್ನ ಯಾರೂ ಕೇಳಲಿಲ್ಲ.

ಮೊಮ್ಮಗಳು ಒಬ್ಬಾಕಿ ಬಾಯಿ ಬಿಟ್ಲು. "ಅಪ್ಪಾ, ಅಂಗಡಿಯಂವ ಎರಡ ಸಾಕು ಅಂದಾನ."

"ಸುಮ್ನಿರ. ಆಯೇರಿ ಬ್ಯಾಡ ಅಂತಾರೇನು?"

ಅಂವ ಅಂದದ್ದೂ ಖರೆ. ಆಯೇರಿ ಹೊಳ್ಳಿ ಕೊಟ್ರ ಕೊಟ್ಟವರ ಮಾರಿಗೆ ಹೊಡದಂಗ. ಕುಬಸದ ಖಣ ಆಗಿದ್ರ ಟ್ರಂಕಿನ್ಯಾಗ ಇಟ್ಟು ಇನ್ನೊಬ್ಬರ ಮದವಿಗೆ ದಾಟಸಬಹುದು. ನನ್ನ ಟ್ರಂಕಿನ್ಯಾಗ ಹಂತಾವು ನಾಕು ಊರು ತಿರುಗಿ ಬಂದಾವು. ಮೀನ ಯಾವ ಟ್ರಂಕಿನ್ಯಾಗ ಇಡೂದು? ಎಲ್ಲಾ ಪೆಟ್ಟಿಗ್ಯಾಗ ಸುರುವಿದ್ರು. ಬೀಗತಿ ನೀರಿನ ಮ್ಯಾಲೆ ಅರಿಷಿಣ ಕುಂಕುಮನೂ ಉದುರಸಾಕ ಹೊಂಟಿದ್ಲು, ನಾ ಕೈ ಹಿಡದೆ.

ನಾಕು ದಿನದಾಗ ನೀರು ಗಂಜಿ ಆತು. ಮೀನಿನ ಹೊಲಸು ದಾರದಂಗ ಜೋತಾಡತಿತ್ತು. ಆ ನಾತದಾಗ ರೊಟ್ಟಿ ತಿನ್ನಾಕ ಆಗವಲ್ದು. ಹೊರಸಿನ ಮ್ಯಾಲೆ ಕುಂತ್ರ ಎದುರಿಗೆ ಅದ ನಾಟಕ: ಪಟ್ಟಾಪಟ್ಟಿ ಆರೂ ಕೂಡಿ ಬಂಗಾರದ ಮೀನಿನ ಬಾಲ ಕಡಿಯೂದು, ಬಾಯಿ ಹಚ್ಚೂ ಪ್ರಾಣಿ ಅದರ ಪಕ್ಕಿಗೆ ಅಂಟಿ ಲೋಳಿ ಹೀರೂದು, ಶಾರ್ಕ್ ಎರಡು ಬೆದರಿ ಗಾಜಿಗೆ ಮಾರಿ ಬಡ್ಕೊಳ್ಳೂದು. ಬಂದವರು ನಿಂತು ನೋಡಿ "ಎಷ್ಟ ಚಂದ ಆಡಾಕತ್ತಾವ" ಅನ್ನವ್ರು. ಥೂ! ತಿನ್ನಾಕತ್ತಿದ್ವು, ಆಡಾಕತ್ತಿದ್ದಿಲ್ಲ.

ಐದನೇ ದಿನ ಬಂಗಾರದ್ದು ಒಂದು ಹೊಟ್ಟಿ ಮ್ಯಾಲೆ ಮಾಡಿ ತೇಲತು. ಹುಡುಗಿ ಅದನ್ನ ಅಂಗಳದಾಗ ಹುಗದು ಬಂದು ನನ್ನ ಮುಂದ ನಿಂತ್ಲು.

"ಆಯಿ, ನೀ ದಿನಾ ಇಲ್ಲೇ ಕುಂದರ್ತಿ. ಉಳದದ್ದೊಂದರ ಉಳಸಿಕೊಡು."

ಹೂಂ ಅಂದೆ. ಮರದಿನ ಆಕಿ ಸಾಲಿಗೆ ಹೋದ ಮ್ಯಾಲೆ, ನಮ್ಮ ಮನ್ಯಾಗ ಎಲ್ಲಕ್ಕಿಂತ ಸ್ವಚ್ಛ ಪಾತ್ರಿ ಯಾವುದು ಅಂತ ನೋಡಿದೆ. ನನ್ನ ತಾಮ್ರದ ಹಂಡೆ. ಹುಣಸಿಹಣ್ಣು ಹಚ್ಚಿ ಮಾರಿ ಕಾಣೂಹಂಗ ತಿಕ್ಕಿದೆ. ನೀರು ತುಂಬಿ, ಮೂಗು ಮುಚ್ಚಿಕೊಂಡು, ಜಾಳಿಗ್ಯಾಗ ಮೀನ ಎತ್ತಿ ಬಿಟ್ಟೆ. ಇಷ್ಟು ಮಂದಿಗೆ ಇಲ್ಲದ ಬುದ್ಧಿ ನನಗೈತಿ ಅಂತ ಅನ್ಕೊಂಡೆ.

ಮಧ್ಯಾಹ್ನ ನೋಡಿದ್ರ ಮೀನ ಮಗ್ಗಲಾಗಿ ಬಿದ್ದು ಬಾಯಿ ತಗದು ಮುಚ್ಚಿ ಮಾಡಾಕತ್ತಿತ್ತು. ಸೊಸಿ ಕಡಿಂದ ಅಂಗಡಿಯಂವಗ ಫೋನ್ ಹಚ್ಚಿಸಿದೆ.

"ಯಾತರಾಗ ಬಿಟ್ಟೀರಿ ಅಮ್ಮಾರ?"

"ತಾಮ್ರದ ಹಂಡ್ಯಾಗಪಾ. ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದು..."

"ತಾಮ್ರ ಮೀನಿಗೆ ವಿಷರಿ! ಹುಣಸಿಹಣ್ಣು ಬ್ಯಾರೆ ಹಚ್ಚೀರಿ? ತಗೀರಿ ಮೊದಲ! ನಿನ್ನೆ ಹಿಡದಿಟ್ಟ ನೀರು ಪ್ಲಾಸ್ಟಿಕ್ ಬಕೀಟಿನ್ಯಾಗ ಹಾಕಿ ಬಿಡ್ರಿ!"

ಈ ಸಲ ಜಾಳಿಗಿ ಹುಡುಕಲಿಲ್ಲ. ಬರಿಗೈಲೆ ಎತ್ತಿದೆ. ಮೊದಲನೇ ಸಲ ಮೀನ ಮುಟ್ಟಿದ್ದು; ಜಿಗಿ ಜಿಗಿ, ಥಣ್ಣಗ. ವಾಕರಿಕಿ ಬಂತು. ಮೀನ ನೋಡಿ ಬಂತೋ ನನ್ನ ಶಾಣ್ಯಾತನ ನೆನಸಿ ಬಂತೋ ಹೇಳಾಕ ಬರೂದಿಲ್ಲ.

ಹುಡುಗಿ ಸಾಲಿಂದ ಬರೂದರಾಗ ಅದು ನೆಟ್ಟಗಾಗಿತ್ತು, ಆದ್ರ ಬಕೀಟಿನ ಬುಡ ಬಿಟ್ಟು ಏಳವಲ್ದು. ನಾ ಮುಚ್ಚಿಡಲಿಲ್ಲ.

"ನಾನ ಸಾಯಿಸ್ತಿದ್ದೆ. ತಾಮ್ರದಾಗ ಬಿಟ್ಟಿದ್ದೆ."

ಆಕಿ ಅಳಲಿಲ್ಲ. "ಇನ್ನ ನೀ ಕೇಳದೇ ಏನೂ ಮಾಡಬ್ಯಾಡ," ಅಂದ್ಲು. ಅಷ್ಟ.

ಕೇಳಿದೆ. ಪೆಟ್ಟಿಗಿ ಖಾಲಿ ಮಾಡ್ಲಾ ಅಂದೆ. ಮಾಡು ಅಂದ್ಲು. ಮಗ ಜಿಗದಾಡಿದ: "ಆಯೇರಿ ಅದು, ಬೀಗರು ಏನಂದಾರು!" ಅನ್ನಲಿ. ಒಂಬತ್ತೂ ಮೀನ ಎರಡು ಎಣ್ಣಿ ಕ್ಯಾನಿನ್ಯಾಗ ಹಾಕ್ಕೊಂಡು ಅಂಗಡಿಯಂವನ ದೊಡ್ಡ ತೊಟ್ಟಿಗೆ ಬಿಟ್ಟು ಬಂದೆ. ಎಣ್ಣಿ ಕ್ಯಾನು ಅಂದ್ರ ಎಣ್ಣಿ ಹಾಕಿದ್ದವಲ್ಲ; ಅಂಗಡಿಯಂವನ್ನ ಕೇಳೇ ತಂದ ಹೊಸಾವು. ಪೆಟ್ಟಿಗಿ ತೊಳದು ನೀರು ಬದಲಿಸಿ, ಎರಡು ದಿನ ಬಿಟ್ಟು ಬಂಗಾರದ್ದನ್ನ ಒಳಗ ಹಾಕಿದ್ವಿ. ನಾದಿನಿಗೆ ಹೇಳಿದೆ, ನಕ್ಕಳು. ಬೀಗತಿ ನಗಲಿಲ್ಲ.

"ಆಯೇರಿ ಮನಿಂದ ಹೊರಗ ಹಾಕಿದವರನ್ನ ನೋಡಿದ್ದಿಲ್ಲ ಬಿಡ್ರಿ," ಅಂದ್ಲು ಫೋನಿನ್ಯಾಗ.

"ಈಗ ನೋಡಿದ್ರಲ್ಲ. ಒಂದು ಫೂಟಿನ ಮೀನ ಎರಡು ಫೂಟಿನ ಪೆಟ್ಟಿಗ್ಯಾಗ ಎಲ್ಲಿ ಹೊಳ್ಳತೈತ್ರಿ ಬೀಗತ್ಯಾರ? ನೀವು ಟ್ರಂಕಿನ್ಯಾಗ ಮಲಗಿ ನೋಡ್ರಿ."

ಪಟ್ ಅಂತ ಫೋನ್ ಇಟ್ಲು. ಮುಂದ ಅವರ ಮನ್ಯಾಗ ಸೀಮಂತ ಆತು. ಮಗ ಸೊಸಿಗೆ ಕರೆ ಬಂತು, ನನಗ ಬರಲಿಲ್ಲ.

ಹೋದ ವಾರ ಹುಡುಗಿ ನನ್ನ ಕರಕೊಂಡು ಆ ಅಂಗಡಿಗೆ ಹೋದ್ಲು, ಒಂಟಿ ಮೀನಿಗೆ ಜೋಡಿ ಬೇಕಂತ. ಅಂಗಡಿ ತುಂಬ ಅದ ನಾತ. ಸೆರಗು ಮೂಗಿಗೆ ಹಿಡಕೊಂಡೇ, ಎಮ್ಮಿ ಸಂತ್ಯಾಗ ಕೇಳಿದಂಗ ಕೇಳಿದೆ: ಕಡೀತೈತೇನು? ಎಷ್ಟು ಬೆಳೀತೈತಿ? ಇಷ್ಟು ದಿನ ಯಾರ ಜೋಡಿ ಇತ್ತು?

ಅಂಗಡಿಯಂವ ಒಂದೊಂದಕ್ಕ ಉತ್ತರ ಕೊಟ್ಟ. ಆಮ್ಯಾಲೆ, ಎರಡ ಸಾಕು ಅಂದಿದ್ದಂವನ, ಬಂಗಾರದ್ದ ಇನ್ನೊಂದು ಹಿಡದು, "ಇದರ ಜೋಡಿ ಇನ್ನೊಂದು ಚಂದ ಮೀನ ಪುಗಸಟ್ಟಿ ಕೊಡ್ತೇನಿ, ತಗೊಳವಾ," ಅಂದ ಹುಡುಗಿಗೆ.

ಆಕಿ ನನ್ನ ಮಾರಿ ನೋಡಲಿಲ್ಲ, ಅಂವನ ಮಾರಿ ನೋಡಲಿಲ್ಲ. ಚೀಲದಾಗಿನ ಮೀನ ನೋಡಕೋತ "ಬ್ಯಾಡ್ರಿ," ಅಂದ್ಲು.